ಹುಟ್ಟಿನಿಂದ ಬಂದ ಪ್ಲೇಟ್‌ಲೆಟ್ ದೋಷ: ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಹಂತ ಹಂತವಾಗಿ ಅಳೆಯುವುದು ಹೇಗೆ?

ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಎಂದು ನೋಡುವ ಪಿಟಿ ನಾರ್ಮಲ್. ಅದೇ ಥರದ ಎಪಿಟಿಟಿಯೂ ನಾರ್ಮಲ್. ಪ್ಲೇಟ್‌ಲೆಟ್ ಎಣಿಕೆ ಎರಡೂವರೆ ಲಕ್ಷ. ಆದರೂ ಮೂಗಿನಿಂದ ರಕ್ತ ಬಂದರೆ ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಹಲ್ಲು ಕೀಳಿಸಿದ ಮರುದಿನವೂ ದಿಂಬಿನ ಮೇಲೆ ರಕ್ತದ ಕಲೆ. ಇಂಥ ರೋಗಿಗೆ ‘ರಿಪೋರ್ಟ್ ಎಲ್ಲಾ ಸರಿಯಾಗಿದೆ, ಏನೂ ಇಲ್ಲ’ ಎಂದು ಹೇಳಿ ಕಳಿಸುವುದು ಬಹಳ ಕಡೆ ನಡೆಯುತ್ತದೆ. ಏನೂ ಇಲ್ಲದೆ ರಕ್ತ ಹೀಗೆ ಸುರಿಯುವುದಿಲ್ಲ ಅಲ್ವಾ? ಮಾಡಿಸಿದ ಪರೀಕ್ಷೆಗಳು ತಪ್ಪು ಜಾಗದಲ್ಲಿ ಹುಡುಕಿವೆ, ಅಷ್ಟೇ.

ಹುಟ್ಟಿನಿಂದ ಬರುವ ಪ್ಲೇಟ್‌ಲೆಟ್ ದೋಷಗಳನ್ನು ಎಲ್ಲಿಂದ ಹುಡುಕಲು ಶುರು ಮಾಡಬೇಕು, ಯಾವ ಪರೀಕ್ಷೆಯನ್ನು ಎಷ್ಟು ನಂಬಬೇಕು, ಯಾವುದು ಎಲ್ಲಿ ಮೋಸ ಮಾಡುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬಂದ ವೈದ್ಯರು ಮತ್ತು ಲ್ಯಾಬ್ ಟೆಕ್ನೀಷಿಯನ್‌ಗಳಿಗೆ ಇದು ಕೆಲಸಕ್ಕೆ ಬರಲಿ ಎಂಬುದು ನನ್ನ ಆಸೆ. ತಮ್ಮ ಫೈಲಿನಲ್ಲಿರುವ ರಿಪೋರ್ಟ್‌ಗಳನ್ನು ಅರ್ಥ ಮಾಡಿಕೊಳ್ಳಬೇಕು ಎನ್ನುವ ರೋಗಿಗಳು, ಅವರ ಮನೆಯವರು ಕೂಡ ಓದಬಹುದು. ಆದರೆ ಇದನ್ನು ಓದಿ ಔಷಧಿ ನಿಲ್ಲಿಸುವುದು, ಶುರು ಮಾಡುವುದು ಬೇಡ. ಅದನ್ನು ನಿಮ್ಮ ರಕ್ತರೋಗ ತಜ್ಞರೇ ಹೇಳಬೇಕು.

ಮೊದಲು: ಪಿಟಿ, ಎಪಿಟಿಟಿ ಯಾಕೆ ಸುಮ್ಮನಿರುತ್ತವೆ?

ರಕ್ತನಾಳ ಹರಿದಾಗ ಒಳಗಿನ ಕೊಲ್ಯಾಜನ್ ಹೊರಗೆ ಕಾಣುತ್ತದೆ. ಅದಕ್ಕೆ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಪ್ರೋಟೀನ್ ಅಂಟಿಕೊಳ್ಳುತ್ತದೆ. ಹರಿಯುವ ರಕ್ತದಲ್ಲಿ ಸಾಗುತ್ತಿರುವ ಪ್ಲೇಟ್‌ಲೆಟ್, ತನ್ನ ಮೈಮೇಲಿನ ಜಿಪಿ1ಬಿ ಎಂಬ ಗ್ರಾಹಕದಿಂದ ಆ ಪ್ರೋಟೀನನ್ನು ಹಿಡಿದು ನಿಲ್ಲುತ್ತದೆ. ನಿಂತ ಮೇಲೆ ಅದು ಎಚ್ಚರಗೊಳ್ಳುತ್ತದೆ, ಆಕಾರ ಬದಲಿಸುತ್ತದೆ, ಒಳಗಿನ ಕಣಜಗಳಿಂದ ಎಡಿಪಿಯಂಥ ರಾಸಾಯನಿಕಗಳನ್ನು ಹೊರಗೆ ಚೆಲ್ಲುತ್ತದೆ, ಥ್ರಾಂಬಾಕ್ಸೇನ್ ತಯಾರಿಸುತ್ತದೆ. ಇವು ಅಕ್ಕಪಕ್ಕದ ಪ್ಲೇಟ್‌ಲೆಟ್‌ಗಳನ್ನೂ ಎಬ್ಬಿಸುತ್ತವೆ. ಕೊನೆಗೆ ಆಲ್ಫಾ2ಬಿ-ಬೀಟಾ3 ಎಂಬ ಇನ್ನೊಂದು ಗ್ರಾಹಕ ತೆರೆದುಕೊಳ್ಳುತ್ತದೆ. ಫೈಬ್ರಿನೋಜನ್ ಅದನ್ನು ಹಿಡಿದು ಒಂದು ಪ್ಲೇಟ್‌ಲೆಟ್ಟನ್ನು ಇನ್ನೊಂದಕ್ಕೆ ಕಟ್ಟುತ್ತದೆ. ಹೀಗೆ ಗಾಯಕ್ಕೆ ಬಿರಡೆ ಬೀಳುತ್ತದೆ. ಇದರ ಜೊತೆಜೊತೆಗೇ ಪ್ಲೇಟ್‌ಲೆಟ್‌ನ ಹೊರಮೈ ಬದಲಾಗಿ, ಅದರ ಮೇಲೆ ಕ್ಲಾಟಿಂಗ್ ಫ್ಯಾಕ್ಟರ್‌ಗಳು ಕೂತು ಥ್ರಾಂಬಿನ್ ತಯಾರಿಸುತ್ತವೆ. ಥ್ರಾಂಬಿನ್‌ನಿಂದ ಫೈಬ್ರಿನ್ ಬಲೆ ಹೆಣೆಯುತ್ತದೆ.

ಈ ಸರಪಳಿಯ ಯಾವ ಕೊಂಡಿ ಹುಟ್ಟಿನಿಂದಲೇ ಕೆಟ್ಟಿದ್ದರೂ ರಕ್ತ ಜಾಸ್ತಿ ಸೋರುತ್ತದೆ. ಪಿಟಿ ಮತ್ತು ಎಪಿಟಿಟಿ ಮಾಡುವಾಗ ಏನು ನಡೆಯುತ್ತದೆ ನೋಡಿ. ರಕ್ತವನ್ನು ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್‌ಗಳನ್ನು ತೆಗೆದುಹಾಕುತ್ತಾರೆ. ಬರೀ ಪ್ಲಾಸ್ಮಾ ಉಳಿಯುತ್ತದೆ. ಪ್ಲೇಟ್‌ಲೆಟ್ ಕೊಡಬೇಕಾಗಿದ್ದ ಫಾಸ್ಫೋಲಿಪಿಡ್ ಹೊರಮೈಯನ್ನು ಲ್ಯಾಬಿನವರೇ ರೀಏಜೆಂಟ್‌ನಲ್ಲಿ ಬೆರೆಸಿ ಕೊಡುತ್ತಾರೆ. ಅಂದರೆ ದೋಷವಿರುವ ಭಾಗವನ್ನು ಹೊರಗೆ ಹಾಕಿಯೇ ಪರೀಕ್ಷೆ ಶುರುವಾಗುತ್ತದೆ. ಹಾಗಾಗಿ ಪ್ಲೇಟ್‌ಲೆಟ್ ದೋಷದಲ್ಲಿ ಇವು ನಾರ್ಮಲ್ ಬರುವುದರಲ್ಲಿ ಆಶ್ಚರ್ಯವಿಲ್ಲ. ಪ್ಲೇಟ್‌ಲೆಟ್ ಎಣಿಕೆಯೂ ಸಂಖ್ಯೆಯನ್ನಷ್ಟೇ ಹೇಳುತ್ತದೆ, ಕೆಲಸದ ಬಗ್ಗೆ ಹೇಳುವುದಿಲ್ಲ. 1918ರಲ್ಲಿ ಸ್ವಿಸ್ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಸ್‌ಮನ್ ವಿವರಿಸಿದ ರೋಗಿಗಳಲ್ಲಿ ಸಮಸ್ಯೆ ಇದ್ದದ್ದೂ ಪ್ಲೇಟ್‌ಲೆಟ್‌ನ ಗುಣದಲ್ಲೇ. ಆ ಕಾಯಿಲೆಗೆ ಇಂದಿಗೂ ಅವರದೇ ಹೆಸರಿದೆ.

ಹೆಜ್ಜೆ 1: ಸೂಜಿ ಹಿಡಿಯುವ ಮುಂಚೆ ಕೂತು ಕೇಳಿ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಯಾವ ಯಂತ್ರವೂ ಕೊಡದಷ್ಟು ಮಾಹಿತಿ ಇಪ್ಪತ್ತು ನಿಮಿಷದ ಮಾತಿನಲ್ಲಿ ಸಿಗುತ್ತದೆ.

ಪ್ಲೇಟ್‌ಲೆಟ್ ದೋಷದ ರಕ್ತಸ್ರಾವಕ್ಕೆ ಒಂದು ಗುರುತಿದೆ. ಅದು ಚರ್ಮದಲ್ಲಿ ಮತ್ತು ಒಳಪೊರೆಗಳಲ್ಲಿ ಕಾಣುತ್ತದೆ: ಮೂಗು, ಒಸಡು, ಮುಟ್ಟು, ಸುಮ್ನೆ ತಗುಲಿದರೂ ಏಳುವ ನೀಲಿ ಕಲೆ, ಸಾಸಿವೆ ಕಾಳಿನಂಥ ಕೆಂಪು ಚುಕ್ಕೆ. ಗಾಯವಾದ ಕೂಡಲೇ ರಕ್ತ ಶುರುವಾಗುತ್ತದೆ. ಕೀಲುಗಳ ಒಳಗೆ, ದೊಡ್ಡ ಸ್ನಾಯುಗಳ ಒಳಗೆ ರಕ್ತ ತುಂಬುವುದು ಹಿಮೋಫಿಲಿಯಾದ ಲಕ್ಷಣ, ಪ್ಲೇಟ್‌ಲೆಟ್ ದೋಷದಲ್ಲಿ ಅಪರೂಪ. ಕೆಲವರಲ್ಲಿ ಆಪರೇಷನ್ ಮುಗಿದು ಅರ್ಧ ದಿನ, ಒಂದು ದಿನ ಕಳೆದ ಮೇಲೆ ರಕ್ತ ಶುರುವಾಗುತ್ತದೆ. ಕ್ವಿಬೆಕ್ ಪ್ಲೇಟ್‌ಲೆಟ್ ಡಿಸಾರ್ಡರ್ ಹಾಗೆ ಮಾಡುತ್ತದೆ. ಅದರಲ್ಲಿ ಕಟ್ಟಿದ ಹೆಪ್ಪು ಬೇಗ ಕರಗಿಹೋಗುತ್ತದೆ. ಹಾಗಾಗಿ ‘ಯಾವಾಗ ಶುರುವಾಯಿತು’ ಎಂದು ಕೇಳುವುದನ್ನು ಮರೆಯಬೇಡಿ.

‘ನಿಮಗೆ ರಕ್ತ ಜಾಸ್ತಿ ಹೋಗುತ್ತಾ?’ ಎಂದು ಕೇಳಿದರೆ ಉಪಯೋಗವಿಲ್ಲ. ಹುಟ್ಟಿನಿಂದ ಹೀಗೇ ಇರುವವರಿಗೆ ಅದೇ ಸಹಜ. ತಾಯಿಗೂ ಅಕ್ಕನಿಗೂ ಹಾಗೇ ಇದ್ದರಂತೂ ಅದನ್ನು ಕಾಯಿಲೆ ಎಂದೇ ಯಾರೂ ಭಾವಿಸಿರುವುದಿಲ್ಲ. ಅಳೆಯಬಹುದಾದ ಪ್ರಶ್ನೆ ಕೇಳಿ. ಮೂಗಿನ ರಕ್ತ ಹತ್ತು ನಿಮಿಷ ಮೀರುತ್ತದೆಯೇ? ಹತ್ತಿ ತುರುಕಿಸಬೇಕಾಯಿತೇ, ಸುಡಿಸಬೇಕಾಯಿತೇ? ಮುಟ್ಟಿನಲ್ಲಿ ಗಂಟೆಗೊಂದು, ಎರಡು ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗುತ್ತದೆಯೇ? ಎರಡೂವರೆ ಸೆಂಟಿಮೀಟರ್‌ಗಿಂತ ದೊಡ್ಡ ಗಡ್ಡೆಗಳು ಹೋಗುತ್ತವೆಯೇ? ರಾತ್ರಿ ಎದ್ದು ಬಟ್ಟೆ ಬದಲಿಸಬೇಕೇ? ಕಬ್ಬಿಣದ ಮಾತ್ರೆ ಎಷ್ಟು ಸಲ ಬರೆದುಕೊಟ್ಟಿದ್ದಾರೆ? ಹೆರಿಗೆಯಾದಾಗ, ಹಲ್ಲು ಕೀಳಿಸಿದಾಗ, ಟಾನ್ಸಿಲ್ ತೆಗೆಸಿದಾಗ ಏನಾಯಿತು? ರಕ್ತ ಏರಿಸಿದ್ದಾರೆಯೇ? ನವಜಾತ ಶಿಶುವಾಗಿದ್ದಾಗ ಹೊಕ್ಕುಳ ಬಳ್ಳಿಯಿಂದ ರಕ್ತ ಸೋರಿತ್ತೇ?

ಉತ್ತರಗಳನ್ನು ಅಂಕಗಳಾಗಿ ಬರೆಯಲು ಐಎಸ್‌ಟಿಎಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ರಕ್ತಸ್ರಾವ ಪ್ರಶ್ನಾವಳಿ ಇದೆ. ಅದಕ್ಕೆ ‘ಬ್ಯಾಟ್ ಸ್ಕೋರ್’ ಎನ್ನುತ್ತಾರೆ. ದೊಡ್ಡ ಗಂಡಸರಲ್ಲಿ 4, ಹೆಂಗಸರಲ್ಲಿ 6, ಮಕ್ಕಳಲ್ಲಿ 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಸಹಜ ಎಂದು ಲೆಕ್ಕ. ಅಂಕ ಕಡಿಮೆ ಬಂತು ಎಂದು ಬಾಗಿಲು ಹಾಕಬೇಡಿ. ಎರಡು ವರ್ಷದ ಮಗುವಿಗೆ ಹಲ್ಲು ಕೀಳಿಸಿಲ್ಲ, ಆಪರೇಷನ್ ಆಗಿಲ್ಲ, ಮುಟ್ಟಂತೂ ಇಲ್ಲ. ಅದರ ರಕ್ತಕ್ಕೆ ಇನ್ನೂ ಪರೀಕ್ಷೆಯ ಸಂದರ್ಭವೇ ಬಂದಿಲ್ಲ.

ಕುಟುಂಬದ ವಿಷಯ ಕೇಳುವಾಗ ಮೂರು ತಲೆಮಾರಿನ ಚಿತ್ರ ಬರೆದುಕೊಳ್ಳಿ. ತಂದೆ ತಾಯಿ ರಕ್ತಸಂಬಂಧಿಗಳೇ ಎಂದು ಕೇಳಿ. ಗ್ಲಾನ್ಸ್‌ಮನ್ (ಆಲ್ಫಾ2ಬಿ-ಬೀಟಾ3 ಗ್ರಾಹಕದ ದೋಷ), ಬರ್ನಾರ್ಡ್-ಸೂಲಿಯೆ (ಜಿಪಿ1ಬಿ ಗ್ರಾಹಕದ ದೋಷ) ಥರದ ತೀವ್ರ ದೋಷಗಳಲ್ಲಿ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಿರುತ್ತದೆ. ಮನೆಯಲ್ಲಿ ಯಾರಿಗಾದರೂ ರಕ್ತದ ಕ್ಯಾನ್ಸರ್ ಆಗಿತ್ತೇ ಎಂಬುದನ್ನೂ ಕೇಳಿ. ಕಾರಣ ಮುಂದೆ ಹೇಳುತ್ತೇನೆ.

ನಂತರ ಮೈ ನೋಡಿ. ಕಿವಿ ಮಂದವಾಗಿದ್ದು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದು, ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆ ಬಂದಿದ್ದರೆ ಎಂವೈಎಚ್9 ಎಂಬ ಜೀನ್‌ನ ದೋಷ ನೆನಪಾಗಬೇಕು. ಚರ್ಮ, ಕೂದಲು ಬಿಳಿಚಿದ್ದು ಕಣ್ಣುಗುಡ್ಡೆ ಅಲುಗಾಡುತ್ತಿದ್ದರೆ ಹರ್ಮನ್‌ಸ್ಕಿ-ಪುಡ್ಲಾಕ್ ಎಂಬ ಹುಟ್ಟುಕಾಯಿಲೆ. ಗಂಡು ಮಗುವಿಗೆ ಇಸುಬು, ಪದೇ ಪದೇ ಸೋಂಕು, ಜೊತೆಗೆ ರಕ್ತಸ್ರಾವ ಇದ್ದರೆ ವಿಸ್ಕಾಟ್-ಆಲ್ಡ್ರಿಚ್ ಎಂಬ ಹುಟ್ಟುಕಾಯಿಲೆ. ಮುಂಗೈ ಮೂಳೆಗಳ ದೋಷವನ್ನೂ ಗಮನಿಸಿ.

ಇನ್ನು ಔಷಧಿಗಳು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್, ಕ್ಲೊಪಿಡೋಗ್ರೆಲ್ ಎಲ್ಲರಿಗೂ ಗೊತ್ತು. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, ಸೆರ್ಟ್ರಾಲಿನ್, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೋಯೇಟ್ ಕೂಡ ಪ್ಲೇಟ್‌ಲೆಟ್ ಕೆಲಸ ಕುಗ್ಗಿಸುತ್ತವೆ. ಶೀತ, ತಲೆನೋವಿಗೆ ಅಂಗಡಿಯಲ್ಲಿ ಕೇಳಿ ತಗೊಂಡ ಮಾತ್ರೆಯನ್ನು ಜನ ‘ಔಷಧಿ’ ಎಂದು ಲೆಕ್ಕ ಹಾಕುವುದೇ ಇಲ್ಲ. ಅದನ್ನು ಬಿಡಿಸಿ ಕೇಳಬೇಕು.

ಹೆಜ್ಜೆ 2: ಎಣಿಕೆ, ಮತ್ತು ಕಣ್ಣಿನಿಂದ ನೋಡುವ ಸ್ಮಿಯರ್

ಸಾಮಾನ್ಯ ಪ್ಲೇಟ್‌ಲೆಟ್ ಎಣಿಕೆ ಒಂದು ಮೈಕ್ರೋಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಯಂತ್ರ ಕಡಿಮೆ ಎಂದು ತೋರಿಸಿದರೆ ಮೊದಲು ಸ್ಮಿಯರ್, ಅಂದರೆ ಗಾಜಿನ ಮೇಲೆ ತೆಳ್ಳಗೆ ಹರಡಿ ಬಣ್ಣ ಹಾಕಿದ ರಕ್ತ, ನೋಡಿ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಯಂತ್ರಕ್ಕೆ ಅವು ಕಾಣುವುದಿಲ್ಲ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಇನ್ನೊಂದು ಮೋಸ ಇದಕ್ಕಿಂತ ದೊಡ್ಡದು. ವಿದ್ಯುತ್ ತಡೆಯಿಂದ ಕಣಗಳ ಗಾತ್ರ ಅಳೆಯುವ ಯಂತ್ರಗಳು, ದೈತ್ಯ ಪ್ಲೇಟ್‌ಲೆಟ್‌ಗಳನ್ನು ಕೆಂಪು ರಕ್ತಕಣ ಎಂದುಕೊಂಡು ಬಿಟ್ಟುಬಿಡುತ್ತವೆ. ಬರ್ನಾರ್ಡ್-ಸೂಲಿಯೆ ಮತ್ತು ಎಂವೈಎಚ್9 ದೋಷಗಳಲ್ಲಿ ಹೀಗಾಗಿ ಎಣಿಕೆ ನಿಜಕ್ಕಿಂತ ಬಹಳ ಕಡಿಮೆ ಬರುತ್ತದೆ. ಸರಾಸರಿ ಗಾತ್ರದ ಅಂಕಿಯೂ ತಪ್ಪಾಗುತ್ತದೆ, ಯಾಕೆಂದರೆ ಅತಿ ದೊಡ್ಡವು ಲೆಕ್ಕಕ್ಕೇ ಬಂದಿರುವುದಿಲ್ಲ. ಬೆಳಕಿನಿಂದ ಎಣಿಸುವ ಅಥವಾ ಪ್ಲೇಟ್‌ಲೆಟ್ ಮೈಮೇಲಿನ ಸಿಡಿ61 ಗುರುತಿಗೆ ಅಂಟುವ ಪ್ರತಿಕಾಯದಿಂದ ಎಣಿಸುವ ವಿಧಾನ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಸೂಕ್ಷ್ಮದರ್ಶಕದಲ್ಲಿ ಕೈಯಿಂದಲೇ ಎಣಿಸಿ.

ಸ್ಮಿಯರ್‌ನಲ್ಲಿ ಏನು ಹುಡುಕಬೇಕು? ಪ್ಲೇಟ್‌ಲೆಟ್‌ಗಳು ಕೆಂಪು ರಕ್ತಕಣದಷ್ಟು ದೊಡ್ಡದಾಗಿವೆಯೇ? ಬಿಳಿ ರಕ್ತಕಣಗಳ ಒಳಗೆ ತಿಳಿ ನೀಲಿ ಮಚ್ಚೆಗಳಿವೆಯೇ? ಇದ್ದರೆ ಎಂವೈಎಚ್9 ಕಡೆ ಬೆರಳು ತೋರಿಸುತ್ತದೆ. ಪ್ಲೇಟ್‌ಲೆಟ್ ಒಳಗೆ ನೇರಳೆ ಹರಳುಗಳೇ ಇಲ್ಲದೆ ಬೂದಿ ಬಣ್ಣಕ್ಕೆ ಕಾಣುತ್ತಿವೆಯೇ? ಅದು ಗ್ರೇ ಪ್ಲೇಟ್‌ಲೆಟ್ ಸಿಂಡ್ರೋಮ್, ಆಲ್ಫಾ ಕಣಜಗಳು ಖಾಲಿ. ಬಹಳ ಚಿಕ್ಕದಾಗಿದ್ದರೆ ವಿಸ್ಕಾಟ್-ಆಲ್ಡ್ರಿಚ್. ಗ್ಲಾನ್ಸ್‌ಮನ್‌ನಲ್ಲಿ ಎಣಿಕೆ, ಗಾತ್ರ, ಬಣ್ಣ ಎಲ್ಲಾ ಸರಿಯಾಗಿಯೇ ಇರುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಣಿಕೆ ಕಡಿಮೆ ಇರುವ ಎಷ್ಟೋ ಜನ ವರ್ಷಗಟ್ಟಲೆ ಐಟಿಪಿ (ದೇಹದ ರೋಗನಿರೋಧಕ ಶಕ್ತಿಯೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುವ ಕಾಯಿಲೆ) ಎಂಬ ಹೆಸರಿನಲ್ಲಿ ಸ್ಟೀರಾಯ್ಡ್ ನುಂಗುತ್ತಾರೆ. ಕೆಲವರ ಗುಲ್ಮವನ್ನೇ ತೆಗೆದುಬಿಡುತ್ತಾರೆ. ಹುಟ್ಟಿನಿಂದ ಬಂದ ದೋಷಕ್ಕೆ ಈ ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ತೊಂದರೆ ಮಾತ್ರ ಇದೆ. ಐಟಿಪಿ ಎಂದು ಬರೆಯುವ ಮುಂಚೆ ಹಳೆಯ ರಿಪೋರ್ಟ್‌ಗಳನ್ನು ತರಿಸಿ. ಯಾವತ್ತಾದರೂ ಎಣಿಕೆ ನಾರ್ಮಲ್ ಇತ್ತೇ? ಒಂದು ಸಲವೂ ಇರದಿದ್ದರೆ, ಚಿಕಿತ್ಸೆಗೆ ಎಣಿಕೆ ಏರದಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಕಡಿಮೆ ಇದ್ದರೆ, ಐಟಿಪಿ ಎಂಬ ಹೆಸರನ್ನು ಅನುಮಾನದಿಂದ ನೋಡಿ.

ಹೆಜ್ಜೆ 3: ಬೇರೆ ಕಾರಣಗಳನ್ನು ತಳ್ಳಿಹಾಕಿ

ಪಿಟಿ, ಎಪಿಟಿಟಿ, ಫೈಬ್ರಿನೋಜನ್ ಮಾಡಿಸಿ. ಅವು ಪ್ಲೇಟ್‌ಲೆಟ್ ಬಗ್ಗೆ ಹೇಳುವುದಿಲ್ಲ, ಆದರೆ ಬೇರೆ ಕಾಯಿಲೆ ಇದ್ದರೆ ತಿಳಿಯುತ್ತದೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ (ಅದೇ ಹೆಸರಿನ ಪ್ರೋಟೀನ್‌ನ ಕೊರತೆ ಅಥವಾ ದೋಷ) ಪರೀಕ್ಷೆಗಳು ಕಡ್ಡಾಯ: ಪ್ರೋಟೀನ್‌ನ ಪ್ರಮಾಣ, ಅದರ ಕೆಲಸ, ಜೊತೆಗೆ ಫ್ಯಾಕ್ಟರ್ 8. ಲಕ್ಷಣಗಳು ಒಂದೇ ಥರ ಇರುತ್ತವೆ, ಮತ್ತು ಆ ಕಾಯಿಲೆ ಇವೆಲ್ಲಕ್ಕಿಂತ ಸಾಮಾನ್ಯ. ಕಿಡ್ನಿ, ಲಿವರ್ ಪರೀಕ್ಷೆ ಸೇರಿಸಿ. ಫೆರಿಟಿನ್ ಅಂತೂ ಬಿಡಲೇಬೇಡಿ. ಮುಟ್ಟಿನಲ್ಲಿ ರಕ್ತ ಕಳೆದುಕೊಳ್ಳುತ್ತಿರುವ ಹುಡುಗಿಗೆ ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು.

ಬ್ಲೀಡಿಂಗ್ ಟೈಮ್? ಬೇಡ. ಕಿವಿಯನ್ನೋ ಮುಂಗೈಯನ್ನೋ ಚುಚ್ಚಿ ಸಮಯ ನೋಡುವ ಈ ಪರೀಕ್ಷೆಯನ್ನು 1910ರಲ್ಲಿ ಡ್ಯೂಕ್ ಎಂಬ ವೈದ್ಯರು ವಿವರಿಸಿದರು. ಚುಚ್ಚುವವರ ಕೈ, ಚರ್ಮದ ದಪ್ಪ, ಕೋಣೆಯ ತಂಪು ಎಲ್ಲವೂ ಉತ್ತರವನ್ನು ಬದಲಿಸುತ್ತವೆ. ಆಪರೇಷನ್‌ನಲ್ಲಿ ರಕ್ತ ಹೋಗುತ್ತದೋ ಇಲ್ಲವೋ ಎಂಬುದನ್ನು ಇದು ಮುಂಚಿತವಾಗಿ ಹೇಳಲಾರದು.

ಪ್ಲೇಟ್‌ಲೆಟ್ ಕೆಲಸ ನೋಡುವ ಪಿಎಫ್‌ಎ ಯಂತ್ರ ಇದ್ದರೆ ಬಳಸಬಹುದು. ಕೊಲ್ಯಾಜನ್ ಜೊತೆ ಅಡ್ರಿನಲಿನ್ ಅಥವಾ ಎಡಿಪಿ ಲೇಪಿಸಿದ ಪೊರೆಯ ಸಣ್ಣ ತೂತಿನ ಮೂಲಕ ರಕ್ತ ವೇಗವಾಗಿ ಹರಿಯುತ್ತದೆ. ತೂತು ಮುಚ್ಚಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಯಂತ್ರ ಬರೆಯುತ್ತದೆ. ಗ್ಲಾನ್ಸ್‌ಮನ್, ಬರ್ನಾರ್ಡ್-ಸೂಲಿಯೆ ಇದ್ದರೆ 300 ಸೆಕೆಂಡ್ ಕಳೆದರೂ ಮುಚ್ಚುವುದಿಲ್ಲ. ಆದರೆ ಸೌಮ್ಯ ದೋಷಗಳು, ಅದರಲ್ಲೂ ಕಣಜದ ದೋಷಗಳು, ಎಷ್ಟೋ ಸಲ ಇದರ ಕಣ್ಣು ತಪ್ಪಿಸುತ್ತವೆ. ರಕ್ತಹೀನತೆ ಇದ್ದರೆ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಸುಮ್ಮನೆ ಸಮಯ ಏರುತ್ತದೆ. ಹಾಗಾಗಿ ಪಿಎಫ್‌ಎ ನಾರ್ಮಲ್ ಬಂತು ಎಂದು ಹುಡುಕಾಟ ನಿಲ್ಲಿಸಬೇಡಿ.

ಹೆಜ್ಜೆ 4: ರಕ್ತ ತೆಗೆಯುವುದೇ ಅರ್ಧ ಪರೀಕ್ಷೆ

ಪ್ಲೇಟ್‌ಲೆಟ್ ಮುಂಗೋಪಿ. ಒರಟಾಗಿ ಮುಟ್ಟಿದರೆ ಟ್ಯೂಬಿನಲ್ಲೇ ಎಚ್ಚರಗೊಂಡು ತನ್ನ ಕೆಲಸ ಮುಗಿಸಿಬಿಡುತ್ತದೆ. ಆಮೇಲೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ತಪ್ಪು ಉತ್ತರವೇ ಬರುತ್ತದೆ. ಕೆಳಗಿನ ವಿಷಯಗಳಲ್ಲಿ ರಾಜಿ ಬೇಡ:

- ಪ್ಲೇಟ್‌ಲೆಟ್ ರಕ್ತದಲ್ಲಿ 7ರಿಂದ 10 ದಿನ ಬದುಕುತ್ತದೆ. ಆಸ್ಪಿರಿನ್ ಒಮ್ಮೆ ಮುಟ್ಟಿದ ಪ್ಲೇಟ್‌ಲೆಟ್ ಸಾಯುವ ತನಕ ಸರಿಹೋಗುವುದಿಲ್ಲ. ಆದ್ದರಿಂದ ಆಸ್ಪಿರಿನ್ ತಗೊಂಡಿದ್ದರೆ ಅಷ್ಟು ದಿನ ಬಿಟ್ಟು ಪರೀಕ್ಷೆ ಮಾಡಿ. ಹೃದಯಕ್ಕೋ ಮನಸ್ಸಿಗೋ ಕೊಟ್ಟಿರುವ ಔಷಧಿಯನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.
- ಪರೀಕ್ಷೆಗೆ ಮುಂಚೆ ಅರ್ಧ ಗಂಟೆ ಸಿಗರೇಟು ಬೇಡ, ಎರಡು ಗಂಟೆ ಕಾಫಿ, ಟೀ ಬೇಡ. ಕೊಬ್ಬು ಜಾಸ್ತಿ ಇರುವ ಊಟ ಮಾಡಿ ಬಂದರೆ ಪ್ಲಾಸ್ಮಾ ಹಾಲಿನಂತಾಗಿ ಯಂತ್ರಕ್ಕೆ ಬೆಳಕು ಹಾಯುವುದಿಲ್ಲ.
- ರೋಗಿ ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಲಿ. 21 ಗೇಜ್ ಅಥವಾ ಅದಕ್ಕಿಂತ ದಪ್ಪ ಸೂಜಿ ಬಳಸಿ. ತೋಳಿಗೆ ಪಟ್ಟಿ ಬಿಗಿದರೂ ಬೇಗ ಸಡಿಲಿಸಿ. ಮೊದಲ 3-4 ಮಿಲಿ ರಕ್ತವನ್ನು ಬೇರೆ ಪರೀಕ್ಷೆಗೆ ಕೊಡಿ.
- ಸಿಟ್ರೇಟ್ ಟ್ಯೂಬನ್ನು ಗುರುತಿನ ತನಕ ತುಂಬಿಸಿ, ನಿಧಾನವಾಗಿ ತಿರುಗಿಸಿ ಬೆರೆಸಿ. ಅಲುಗಿಸಿ ಕುಲುಕಬೇಡಿ.
- ಫ್ರಿಜ್ ಬೇಡ, ಐಸ್ ಬೇಡ. ತಣ್ಣಗಾದರೆ ಪ್ಲೇಟ್‌ಲೆಟ್ ಆಕಾರ ಕೆಡುತ್ತದೆ. ಗಾಳಿ ಒತ್ತಡದ ಕೊಳವೆಯಲ್ಲಿ ಕಳಿಸುವ ಬದಲು ಕೈಯಲ್ಲಿ ಹಿಡಿದು ತಗೊಂಡು ಹೋಗಿ. ನಾಲ್ಕು ಗಂಟೆಯೊಳಗೆ ಪರೀಕ್ಷೆ ಪೂರ್ತಿ ಮುಗಿಯಬೇಕು.

ಈ ಕೊನೆಯ ನಿಯಮದಿಂದ ಒಂದು ವಿಷಯ ಗೊತ್ತಾಗುತ್ತದೆ. ಈ ಸ್ಯಾಂಪಲನ್ನು ಬೇರೆ ಊರಿಗೆ ಕೊರಿಯರ್ ಮಾಡಲಾಗದು. ರೋಗಿಯೇ ಲ್ಯಾಬಿಗೆ ಹೋಗಬೇಕು. ಇದನ್ನು ಮೊದಲೇ ಹೇಳಿದರೆ ಅವರಿಗೆ ಒಂದು ವ್ಯರ್ಥ ಓಡಾಟ ತಪ್ಪುತ್ತದೆ.

ಹೆಜ್ಜೆ 5: ಅಗ್ರಿಗೋಮೆಟ್ರಿ

ಲೈಟ್ ಟ್ರಾನ್ಸ್‌ಮಿಷನ್ ಅಗ್ರಿಗೋಮೆಟ್ರಿ, ಚಿಕ್ಕದಾಗಿ ಎಲ್‌ಟಿಎ. 1962ರಲ್ಲಿ ಗುಸ್ತಾವ್ ಬಾರ್ನ್ ಇದನ್ನು ಪ್ರಕಟಿಸಿದರು. ಇವತ್ತಿಗೂ ಪ್ಲೇಟ್‌ಲೆಟ್ ಕೆಲಸ ನೋಡಲು ಇದೇ ಮುಖ್ಯ ಪರೀಕ್ಷೆ. ತತ್ವ ಸರಳ. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮಸುಕಾಗಿರುತ್ತದೆ. ಅದಕ್ಕೆ ಪ್ರಚೋದಕ ಹಾಕಿದರೆ ಪ್ಲೇಟ್‌ಲೆಟ್‌ಗಳು ಗುಂಪಾಗುತ್ತವೆ, ಪ್ಲಾಸ್ಮಾ ತಿಳಿಯಾಗುತ್ತದೆ, ಬೆಳಕು ಜಾಸ್ತಿ ಹಾಯುತ್ತದೆ. ಆ ಬೆಳಕೇ ಗ್ರಾಫ್ ಆಗಿ ಮೂಡುತ್ತದೆ.

ರಕ್ತವನ್ನು 15 ನಿಮಿಷ ಕೋಣೆಯ ಉಷ್ಣತೆಯಲ್ಲಿ ಇಟ್ಟು, 200 ಜಿ ವೇಗದಲ್ಲಿ 10 ನಿಮಿಷ, ಬ್ರೇಕ್ ಹಾಕದೆ ತಿರುಗಿಸಿ. ಮೇಲಿನದು ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ. ಉಳಿದದ್ದನ್ನು 1500 ಜಿಯಲ್ಲಿ ಕನಿಷ್ಠ 15 ನಿಮಿಷ ತಿರುಗಿಸಿದರೆ ಪ್ಲೇಟ್‌ಲೆಟ್ ಇಲ್ಲದ ಪ್ಲಾಸ್ಮಾ ಸಿಗುತ್ತದೆ, ಅದು ನೂರು ಪರ್ಸೆಂಟ್ ಬೆಳಕಿನ ಅಳತೆಗೆ. ಪ್ಲೇಟ್‌ಲೆಟ್ ಪ್ಲಾಸ್ಮಾವನ್ನು ಮತ್ತೆ 15 ನಿಮಿಷ ವಿಶ್ರಾಂತಿಗೆ ಬಿಡಿ. ಪರೀಕ್ಷೆ 37 ಡಿಗ್ರಿಯಲ್ಲಿ, ಕಲಕುತ್ತಲೇ ಇರಬೇಕು. ದೈತ್ಯ ಪ್ಲೇಟ್‌ಲೆಟ್ ಇರುವವರ ರಕ್ತವನ್ನು ತಿರುಗಿಸಿದರೆ ಅವು ಕೆಂಪು ಕಣಗಳ ಜೊತೆ ಕೆಳಗೆ ಇಳಿದುಬಿಡುತ್ತವೆ. ಅಂಥವರಲ್ಲಿ ರಕ್ತ ತಾನಾಗಿಯೇ ತಳಕ್ಕೆ ಕೂರಲು ಬಿಡುವುದು ಒಳ್ಳೆಯದು. ಪ್ರತಿ ಸಲವೂ ಆರೋಗ್ಯವಂತರೊಬ್ಬರ ಸ್ಯಾಂಪಲ್ಲನ್ನು ಜೊತೆಗೆ ಓಡಿಸಿ.

ಮೊದಲ ಸುತ್ತಿಗೆ ಸಾಕಾಗುವ ಪ್ರಚೋದಕಗಳು: ಎಡಿಪಿ 2 ಮೈಕ್ರೋಮೋಲಾರ್, ಅಡ್ರಿನಲಿನ್ 5 ಮೈಕ್ರೋಮೋಲಾರ್, ಕೊಲ್ಯಾಜನ್ ಮಿಲಿಗೆ 2 ಮೈಕ್ರೋಗ್ರಾಂ, ಅರಾಕಿಡೋನಿಕ್ ಆಸಿಡ್ 1 ಮಿಲಿಮೋಲಾರ್, ಟ್ರ್ಯಾಪ್ (ಥ್ರಾಂಬಿನ್‌ನಂತೆ ಪ್ಲೇಟ್‌ಲೆಟ್ ಎಬ್ಬಿಸುವ ವಸ್ತು) 10 ಮೈಕ್ರೋಮೋಲಾರ್, ರಿಸ್ಟೊಸೆಟಿನ್ (ವಾನ್ ವಿಲ್ಲೆಬ್ರಾಂಡ್ ಪ್ರೋಟೀನನ್ನು ಜಿಪಿ1ಬಿಗೆ ಅಂಟಿಸುವ ವಸ್ತು) ಮಿಲಿಗೆ 1.2 ಮಿಲಿಗ್ರಾಂ. ಏನಾದರೂ ಅಸಹಜ ಕಂಡರೆ ಪ್ರಮಾಣ ಏರಿಸಿ ನೋಡುವುದು ಎರಡನೇ ಸುತ್ತು.

ಗ್ರಾಫ್‌ಗಳನ್ನು ಒಂದೊಂದಾಗಿ ಓದಬೇಡಿ, ಎಲ್ಲವನ್ನೂ ಪಕ್ಕದಲ್ಲಿಟ್ಟು ನೋಡಿ. ರಿಸ್ಟೊಸೆಟಿನ್ ಬಿಟ್ಟು ಬೇರೆ ಯಾವುದಕ್ಕೂ ಪ್ಲೇಟ್‌ಲೆಟ್ ಗುಂಪಾಗದಿದ್ದರೆ ಅದು ಗ್ಲಾನ್ಸ್‌ಮನ್. ಇದಕ್ಕೆ ತದ್ವಿರುದ್ಧ, ಉಳಿದೆಲ್ಲಕ್ಕೂ ಸರಿಯಾಗಿ ಸ್ಪಂದಿಸಿ ರಿಸ್ಟೊಸೆಟಿನ್‌ಗೆ ಮಾತ್ರ ಸುಮ್ಮನಿದ್ದರೆ ಬರ್ನಾರ್ಡ್-ಸೂಲಿಯೆ ಅಥವಾ ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ಮತ್ತೆ ನೋಡಿ. ಸರಿಹೋದರೆ ಕೊರತೆ ಪ್ಲಾಸ್ಮಾದಲ್ಲಿತ್ತು, ಅಂದರೆ ವಾನ್ ವಿಲ್ಲೆಬ್ರಾಂಡ್. ಸರಿಹೋಗದಿದ್ದರೆ ದೋಷ ಪ್ಲೇಟ್‌ಲೆಟ್‌ನಲ್ಲೇ ಇದೆ. ರಿಸ್ಟೊಸೆಟಿನ್ ಪ್ರಮಾಣ ತೀರಾ ಕಡಿಮೆ ಮಾಡಿದರೂ ಗುಂಪಾದರೆ ಆ ಪ್ರೋಟೀನ್ ಅತಿಯಾಗಿ ಅಂಟುವ ವಾನ್ ವಿಲ್ಲೆಬ್ರಾಂಡ್ 2ಬಿ, ಅಥವಾ ಅದೇ ದೋಷ ಪ್ಲೇಟ್‌ಲೆಟ್‌ನ ಗ್ರಾಹಕದಲ್ಲಿರುವ ರೂಪ ಎಂದು ಯೋಚಿಸಿ.

ಅರಾಕಿಡೋನಿಕ್ ಆಸಿಡ್‌ಗೆ ಉತ್ತರವೇ ಇಲ್ಲದಿದ್ದರೆ ಮೊದಲ ಅನುಮಾನ ಆಸ್ಪಿರಿನ್ ಮೇಲೇ ಇರಲಿ. ರೋಗಿ ‘ತಗೊಂಡಿಲ್ಲ’ ಎಂದರೂ ಇನ್ನೊಮ್ಮೆ ಕೇಳಿ. ಎಡಿಪಿಗೆ ಸ್ವಲ್ಪ ಗುಂಪಾಗಿ ಮತ್ತೆ ಬಿಡಿಬಿಡಿಯಾದರೆ ಎಡಿಪಿಯನ್ನು ಹಿಡಿಯುವ ಪಿ2ವೈ12 ಗ್ರಾಹಕದ ದೋಷ ಇರಬಹುದು. ಕೊಲ್ಯಾಜನ್ ಒಂದಕ್ಕೇ ಉತ್ತರ ಇಲ್ಲದಿದ್ದರೆ ಕೊಲ್ಯಾಜನ್ ಹಿಡಿಯುವ ಜಿಪಿ6 ಗ್ರಾಹಕದ ದೋಷ. ಅಡ್ರಿನಲಿನ್ ಒಂದಕ್ಕೇ ಉತ್ತರ ಕಡಿಮೆ ಬಂದರೆ ಅದರ ಮೇಲೆ ರೋಗದ ಹೆಸರು ಬರೆಯಬೇಡಿ, ಆರೋಗ್ಯವಂತರಲ್ಲೂ ಕೆಲವರಿಗೆ ಹಾಗೆ ಬರುತ್ತದೆ.

ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ ಇದ್ದರೆ ಗ್ರಾಫ್ ತಗ್ಗುವುದು ಸಂಖ್ಯೆಯಿಂದಲೋ ದೋಷದಿಂದಲೋ ಹೇಳುವುದು ಕಷ್ಟ. ಆಗ ಬರ್ನಾರ್ಡ್-ಸೂಲಿಯೆಯಂಥ ತೀವ್ರ ದೋಷವನ್ನು ಗುರುತಿಸಬಹುದು, ಸೌಮ್ಯ ದೋಷವನ್ನು ಖಚಿತವಾಗಿ ಹೇಳಲಾಗದು. ಇನ್ನೊಂದು ನಿಯಮ: ಅಸಹಜ ಬಂದ ಯಾವ ಎಲ್‌ಟಿಎಯನ್ನೂ ಒಂದೇ ಸಲಕ್ಕೆ ನಂಬಬೇಡಿ. ಬೇರೆ ದಿನ, ಹೊಸ ಸ್ಯಾಂಪಲ್‌ನಲ್ಲಿ ಮತ್ತೆ ಮಾಡಿ. ಒಂದು ಕೆಟ್ಟ ಸ್ಯಾಂಪಲ್‌ನಿಂದ ಒಬ್ಬರ ಹೆಸರಿಗೆ ಆಜೀವ ಕಾಯಿಲೆ ಅಂಟಿಕೊಳ್ಳಬಾರದು.

ಹೆಜ್ಜೆ 6: ದೋಷ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ

ಪ್ಲೇಟ್‌ಲೆಟ್ ಮೈಮೇಲಿನ ಗ್ರಾಹಕಗಳನ್ನು ಹೊಳೆಯುವ ಪ್ರತಿಕಾಯಗಳಿಂದ ಅಳೆಯುವ ಫ್ಲೋ ಸೈಟೋಮೆಟ್ರಿಗೆ ಬಹಳ ಕಡಿಮೆ ರಕ್ತ ಸಾಕು. ಎಣಿಕೆ ಕಡಿಮೆ ಇದ್ದರೂ ನಡೆಯುತ್ತದೆ. ಹಾಗಾಗಿ ಎಳೆ ಮಕ್ಕಳಲ್ಲಿ ಎಲ್‌ಟಿಎಗಿಂತ ಮೊದಲು ಇದನ್ನೇ ಮಾಡುವುದು ಜಾಣತನ. ಸಿಡಿ41, ಸಿಡಿ61 (ಆಲ್ಫಾ2ಬಿ-ಬೀಟಾ3 ಗ್ರಾಹಕದ ಭಾಗಗಳು) ಕಡಿಮೆ ಇದ್ದರೆ ಗ್ಲಾನ್ಸ್‌ಮನ್. ಸಿಡಿ42ಎ, ಸಿಡಿ42ಬಿ (ಜಿಪಿ1ಬಿ ಗ್ರಾಹಕ ಗುಂಪಿನ ಭಾಗಗಳು) ಕಡಿಮೆ ಇದ್ದರೆ ಬರ್ನಾರ್ಡ್-ಸೂಲಿಯೆ. ಕೆಲವು ಗ್ಲಾನ್ಸ್‌ಮನ್ ರೋಗಿಗಳಲ್ಲಿ ಗ್ರಾಹಕ ಇರುತ್ತದೆ, ಆದರೆ ತೆರೆದುಕೊಳ್ಳುವುದಿಲ್ಲ. ಅಂಥವರನ್ನು ಹಿಡಿಯಲು ತೆರೆದ ಗ್ರಾಹಕಕ್ಕೆ ಮಾತ್ರ ಅಂಟುವ ಪ್ಯಾಕ್-1 ಪ್ರತಿಕಾಯ ಬೇಕು.

ಕಣಜದ ದೋಷಗಳು ಬಹಳ ಸಲ ತಪ್ಪಿಹೋಗುತ್ತವೆ. ಎಲ್‌ಟಿಎ ನಾರ್ಮಲ್ ಇದ್ದೂ ದಟ್ಟ ಕಣಜಗಳು (ಎಡಿಪಿ, ಎಟಿಪಿ ತುಂಬಿರುವಂಥವು) ಖಾಲಿ ಇರಬಹುದು. ಬ್ಯಾಟ್ ಸ್ಕೋರ್ ಜಾಸ್ತಿ ಇದ್ದು ಎಲ್‌ಟಿಎ ಸರಿಯಿದ್ದರೆ, ಪ್ಲೇಟ್‌ಲೆಟ್ ಎಷ್ಟು ಎಟಿಪಿ ಹೊರಹಾಕುತ್ತದೆ ಎಂದು ಬೆಳಕಿನ ಕ್ರಿಯೆಯಿಂದ ಅಳೆಯಿರಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದ್ದರೆ ದಟ್ಟ ಕಣಜಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ, ಎಣಿಸಿಬಿಡಬಹುದು. ಸ್ಕಾಟ್ ಸಿಂಡ್ರೋಮ್ ಬಹಳ ಅಪರೂಪ. ಅದರಲ್ಲಿ ಪಿಟಿ, ಎಪಿಟಿಟಿ, ಎಲ್‌ಟಿಎ ಎಲ್ಲವೂ ಸರಿ, ಹೊರಮೈ ಮಾತ್ರ ಬದಲಾಗುವುದಿಲ್ಲ. ಬದಲಾದ ಹೊರಮೈಗೆ ಮಾತ್ರ ಅಂಟುವ ಅನೆಕ್ಸಿನ್-5 ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ.

ದೊಡ್ಡ ಯಂತ್ರಗಳೇ ಇಲ್ಲದ ಕಡೆ? ಗಾಜಿನ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿಸಿ 37 ಡಿಗ್ರಿಯಲ್ಲಿ ಇಟ್ಟು ನೋಡಿ. ಸಾಮಾನ್ಯ ಹೆಪ್ಪು ಕುಗ್ಗಿ ಸೀರಂ ಬಿಡುತ್ತದೆ. ಗ್ಲಾನ್ಸ್‌ಮನ್ ಇದ್ದರೆ ಹೆಪ್ಪು ಕುಗ್ಗುವುದೇ ಇಲ್ಲ. ಹಳೆಯ ವಿಧಾನ, ಆದರೆ ಎಲ್ಲಿ ಬೇಕಾದರೂ ಮಾಡಬಹುದು. ನೆಟ್ಟಗೆ ಮಾಡಿದ ಸ್ಮಿಯರ್, ಒಳ್ಳೆಯ ಇತಿಹಾಸ, ಈ ಪರೀಕ್ಷೆ ಮೂರೂ ಕೂಡಿದರೆ ರೋಗಿಯನ್ನು ಸರಿಯಾದ ಕೇಂದ್ರಕ್ಕೆ ಕಳಿಸಲು ಬೇಕಾದಷ್ಟು ಆಧಾರ ಸಿಗುತ್ತದೆ.

ಟಿಇಜಿ, ರೋಟೆಮ್ ಎಲ್ಲಿ ಬರುತ್ತವೆ?

ಆಪರೇಷನ್ ಥಿಯೇಟರ್‌ನಲ್ಲಿ ಈ ಯಂತ್ರಗಳಿವೆ, ಅದರಲ್ಲೇ ನೋಡಬಾರದೇ ಎಂದು ಎಷ್ಟೋ ಜನ ಕೇಳುತ್ತಾರೆ. ಇಡೀ ರಕ್ತ ಹೆಪ್ಪುಗಟ್ಟುವುದನ್ನು, ಆ ಹೆಪ್ಪು ಎಷ್ಟು ಗಟ್ಟಿ ಎಂಬುದನ್ನು ಇವು ತೋರಿಸುತ್ತವೆ. ಹೆಪ್ಪಿನ ಗಟ್ಟಿತನ ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ಎರಡನ್ನೂ ಅವಲಂಬಿಸಿದೆ. ಗ್ಲಾನ್ಸ್‌ಮನ್ ರೋಗಿಯಲ್ಲಿ ಅದು ಸ್ಪಷ್ಟವಾಗಿ ಕುಸಿದಿರುತ್ತದೆ. ಆದರೆ ಇಲ್ಲಿ ರಕ್ತ ಹರಿಯುವುದಿಲ್ಲ, ಬಟ್ಟಲಿನಲ್ಲಿ ನಿಂತಿರುತ್ತದೆ. ಹರಿವಿನಲ್ಲಿ ಪ್ಲೇಟ್‌ಲೆಟ್ ಹಿಡಿದು ನಿಲ್ಲುವ ಕೆಲಸ, ಅಂದರೆ ಜಿಪಿ1ಬಿ ಮತ್ತು ವಾನ್ ವಿಲ್ಲೆಬ್ರಾಂಡ್ ಕೆಲಸ, ಇಲ್ಲಿ ಬೇಕಾಗುವುದೇ ಇಲ್ಲ. ಜೊತೆಗೆ ತಯಾರಾಗುವ ಥ್ರಾಂಬಿನ್ ಎಷ್ಟು ಪ್ರಬಲವೆಂದರೆ ಆಸ್ಪಿರಿನ್ ಪರಿಣಾಮ, ಪಿ2ವೈ12 ದೋಷ ಮುಚ್ಚಿಹೋಗುತ್ತವೆ. ರಕ್ತ ಸುರಿಯುತ್ತಿರುವಾಗ ಫೈಬ್ರಿನೋಜನ್ ಕಡಿಮೆಯಾಯಿತೇ ಎಂದು ನೋಡಲು ಇವು ತುಂಬಾ ಉಪಯುಕ್ತ. ರೋಗದ ಹೆಸರು ಹಿಡಿಯಲು ಇವನ್ನು ನೆಚ್ಚಬೇಡಿ.

ಹೆಜ್ಜೆ 7: ಜೀನ್ ಪರೀಕ್ಷೆ, ಆದರೆ ಮಾತಾಡಿದ ಮೇಲೆ

ಈ ದೋಷಗಳಿಗೆ ಸಂಬಂಧಿಸಿದ 60ಕ್ಕೂ ಹೆಚ್ಚು ಜೀನ್‌ಗಳು ಈಗ ಗೊತ್ತಿವೆ. ಒಂದೇ ಪ್ಯಾನೆಲ್‌ನಲ್ಲಿ ಎಲ್ಲವನ್ನೂ ಓದಬಹುದು. ಜೀನ್ ಸ್ಯಾಂಪಲ್ ಕೊರಿಯರ್‌ನಲ್ಲೂ ಹೋಗುತ್ತದೆ, ಆದ್ದರಿಂದ ಎಲ್‌ಟಿಎ ಇಲ್ಲದ ಊರಿನವರಿಗೆ ಇದು ದೊಡ್ಡ ಅನುಕೂಲ.

ಆದರೆ ಆರ್‌ಯುಎನ್‌ಎಕ್ಸ್1, ಇಟಿವಿ6, ಎಎನ್‌ಕೆಆರ್‌ಡಿ26 ಎಂಬ ಮೂರು ಜೀನ್‌ಗಳ ಬಗ್ಗೆ ಮೊದಲೇ ಕೂತು ಮಾತಾಡಿ. ಇವುಗಳಲ್ಲಿ ದೋಷ ಇದ್ದರೆ ರಕ್ತದ ಕ್ಯಾನ್ಸರ್ ಬರುವ ಅಪಾಯ ಸಾಮಾನ್ಯರಿಗಿಂತ ಜಾಸ್ತಿ. ಮೂಗಿನ ರಕ್ತಕ್ಕೆಂದು ಬಂದವರಿಗೆ ಇಂಥ ಸುದ್ದಿ ರಿಪೋರ್ಟ್ ಹಾಳೆಯಿಂದ ತಿಳಿಯಬಾರದು. ತಿಳಿಯಬೇಕೇ ಬೇಡವೇ ಎಂದು ನಿರ್ಧರಿಸುವ ಹಕ್ಕು ಅವರದು. ಮಕ್ಕಳ ವಿಷಯದಲ್ಲಿ ಇನ್ನೂ ನಿಧಾನವಾಗಿ ಮಾತಾಡಬೇಕು. ಇದೇ ಕಾರಣಕ್ಕೆ ಕುಟುಂಬದ ಇತಿಹಾಸದಲ್ಲಿ ರಕ್ತದ ಕ್ಯಾನ್ಸರ್ ಬಗ್ಗೆ ಕೇಳಿ ಎಂದದ್ದು. ಇಂಥ ಮನೆಯಲ್ಲಿ ಯಾರಿಗಾದರೂ ಅಸ್ಥಿಮಜ್ಜೆ ಬೇಕಾದರೆ, ಕೊಡುವ ಅಣ್ಣ ತಮ್ಮಂದಿರಲ್ಲೂ ಅದೇ ಜೀನ್ ಇಲ್ಲ ಎಂದು ಮೊದಲು ನೋಡಿಕೊಳ್ಳಬೇಕು.

ರಿಪೋರ್ಟ್ ಕೈಗೆ ಬಂದ ಮೇಲೆ

ರೋಗಿಯ ಜೇಬಿನಲ್ಲಿ ಸದಾ ಒಂದು ಕಾರ್ಡ್ ಇರಲಿ. ರೋಗದ ಹೆಸರು, ರಕ್ತದ ಗುಂಪು, ರಕ್ತ ನಿಲ್ಲಿಸಲು ಯಾವ ಔಷಧಿ ಕೆಲಸ ಮಾಡಿದೆ, ಆಸ್ಪಿರಿನ್ ಮತ್ತು ಆ ಥರದ ನೋವಿನ ಮಾತ್ರೆ ಕೊಡಬಾರದು, ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಹಲ್ಲು ಕೀಳಿಸುವುದಿದ್ದರೂ ದಂತವೈದ್ಯರು ಮತ್ತು ರಕ್ತರೋಗ ತಜ್ಞರು ಮೊದಲೇ ಮಾತಾಡಿಕೊಳ್ಳಲಿ. ಸಣ್ಣ ಕೆಲಸಗಳಿಗೆ ಹೆಪ್ಪು ಬೇಗ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಸಾಕಾಗಬಹುದು. ಡೆಸ್ಮೋಪ್ರೆಸಿನ್ ಕೆಲವು ಸೌಮ್ಯ ದೋಷಗಳಲ್ಲಿ ಕೆಲಸ ಮಾಡುತ್ತದೆ, ಗ್ಲಾನ್ಸ್‌ಮನ್‌ನಲ್ಲಿ ಅದನ್ನು ನೆಚ್ಚುವಂತಿಲ್ಲ.

ಗ್ಲಾನ್ಸ್‌ಮನ್ ಮತ್ತು ಬರ್ನಾರ್ಡ್-ಸೂಲಿಯೆ ಇರುವವರಿಗೆ ಪ್ಲೇಟ್‌ಲೆಟ್ ಏರಿಸುವ ಮುಂಚೆ ಎರಡು ಸಲ ಯೋಚಿಸಿ. ಅವರ ದೇಹ ಆ ಗ್ರಾಹಕವನ್ನು ಯಾವತ್ತೂ ನೋಡಿಲ್ಲ. ಹೊರಗಿನ ಪ್ಲೇಟ್‌ಲೆಟ್‌ನಲ್ಲಿ ಅದು ಕಂಡಾಗ ಪ್ರತಿಕಾಯ ತಯಾರಿಸಬಹುದು. ಆಮೇಲೆ ಜೀವ ಉಳಿಸಲು ಪ್ಲೇಟ್‌ಲೆಟ್ ಬೇಕಾದ ದಿನ ಅದು ಕೆಲಸ ಮಾಡುವುದಿಲ್ಲ. ಗ್ಲಾನ್ಸ್‌ಮನ್‌ನಲ್ಲಿ ಹಾಗಾದವರಿಗೆ ಲ್ಯಾಬಿನಲ್ಲಿ ತಯಾರಿಸಿದ ಕ್ಲಾಟಿಂಗ್ ಫ್ಯಾಕ್ಟರ್ ಆದ ರಿಕಾಂಬಿನೆಂಟ್ ಫ್ಯಾಕ್ಟರ್ 7ಎ ಒಂದು ದಾರಿ. ಆದ್ದರಿಂದ ಪ್ಲೇಟ್‌ಲೆಟ್ ಏರಿಸಿದ ಮೇಲೆ ಮತ್ತು ಪ್ರತಿ ದೊಡ್ಡ ಆಪರೇಷನ್‌ಗೆ ಮುಂಚೆ ಈ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸಿ. ಗರ್ಭಿಣಿಯರಲ್ಲಂತೂ ಇದನ್ನು ಮರೆಯಲೇಬಾರದು. ತಾಯಿಯ ಪ್ರತಿಕಾಯಗಳು ಗರ್ಭದ ಮಗುವಿಗೆ ದಾಟಿ ಅದರ ಪ್ಲೇಟ್‌ಲೆಟ್‌ಗಳನ್ನು ಕೊಲ್ಲಬಲ್ಲವು. ಹೆರಿಗೆ ಎಲ್ಲಿ, ಹೇಗೆ ಎಂಬುದನ್ನು ಪ್ರಸೂತಿ ತಜ್ಞರು, ರಕ್ತರೋಗ ತಜ್ಞರು, ಮಕ್ಕಳ ವೈದ್ಯರು ಒಟ್ಟಿಗೆ ಕೂತು ತಿಂಗಳುಗಳ ಮುಂಚೆಯೇ ಬರೆದಿಡಬೇಕು, ಮತ್ತು ಮಗು ಹುಟ್ಟಿದ ಕೂಡಲೇ ಅದರ ಪ್ಲೇಟ್‌ಲೆಟ್ ಎಣಿಸಬೇಕು.